ಈ ವರ್ಷದ ಹುಳ

ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಮರಿ,

ನಿನ್ನ ಕಾಗದ ಬಂದು ವಾರವಾಯಿತು. ಓದಿ ಮಡಚಿಟ್ಟೆ, ಮತ್ತೆ ತೆಗೆದು ಓದಿದೆ, ಮತ್ತೆ ಮಡಚಿಟ್ಟೆ. ಕ್ಷೇಮಸಮಾಚಾರ ಕೊನೆಗಿರಲಿ, ನೀನು ಕೇಳಿದ್ದಕ್ಕೆ ಉತ್ತರ ಮೊದಲು. ಲೆಕ್ಕ ತೋರಿಸದೆ ಬರೀ ಉತ್ತರ ಬರೆದ ಮಕ್ಕಳಿಗೆ ಜನ್ಮವಿಡೀ ಬೈದವಳು ನಾನು. ಇವತ್ತು ನಾನೇ ಹಾಗೆ ಮಾಡುತ್ತಿದ್ದೇನೆ. ಬಿಟ್ಟುಬಿಡು ಮರಿ. ಆ ಟೀಚರ್ ಕೆಲಸ ಬಿಟ್ಟು ನಿನ್ನ ಗೆಳತಿಯ ಆಫೀಸಿಗೆ ಸೇರಿಕೋ.

ಇದು ಅಮ್ಮನ ಕೈಬರಹವೇನಾ ಅಂತ ನೀನು ಹಾಳೆ ತಿರುಗಿಸಿ ನೋಡುತ್ತಿರುತ್ತೀಯ. ನನ್ನದೇ. ನೀನು ಆ ಶಾಲೆಗೆ ಸೇರಿದಾಗಿನಿಂದ ಬೇಸರ ತೋಡಿಕೊಂಡಾಗಲೆಲ್ಲ ತಾಳು, ತಾಳು, ಮಕ್ಕಳು ಬಾಯಿ ಬಿಡುವುದಕ್ಕೆ ಒಂದು ವರ್ಷ ಬೇಕು, ಎರಡು ವರ್ಷ ಬೇಕು ಅಂತ ನಿನ್ನ ಬಾಯಿ ಮುಚ್ಚಿಸಿದವಳೂ ನಾನೇ. ಫೋನಿನಲ್ಲಿ ಹೇಳಿದರೆ ಅಮ್ಮ ಜಗಳಕ್ಕೆ ಬರುತ್ತಾಳೆ, ಅದಕ್ಕೇ ಬರೆಯುತ್ತಿದ್ದೇನೆ ಅಂತ ನೀನು ಬರೆದದ್ದು ಓದಿ ನಗು ಬಂತು. ನಿಜ, ಬರುತ್ತಿದ್ದೆ. ಈ ಸಲ ನನ್ನಲ್ಲಿ ಜಗಳಕ್ಕೆ ಬೇಕಾದ ಸರಕಿಲ್ಲ.

ನೀನು ಬರೆದದ್ದರಲ್ಲಿ ನನಗೆ ಹೊಸದೇನೂ ಕಾಣಲಿಲ್ಲ. ಎಲೆ ಯಾಕೆ ಹಸಿರು ಅಂತ ಕೇಳಿದರೆ ನಿನ್ನ ಒಂಬತ್ತನೇ ತರಗತಿ ಕಿಟಕಿಯಾಚೆಯ ಮರ ನೋಡದೆ ಗೈಡಿನ ಹಾಳೆ ತಿರುವಿತು ಅಂತ ಬರೆದಿದ್ದೀಯ. ತಮಾಷೆಗೆ ಒಂದು ಮಾತು ಹೇಳಿದರೆ ಒಬ್ಬ ಎದ್ದು, ಇದು ಪರೀಕ್ಷೆಗೆ ಬರುತ್ತಾ ಟೀಚರ್ ಅಂತ ಕೇಳಿದನಂತೆ. ಚರ್ಚೆ ಗಿರ್ಚೆ ಬೇಡ, ನೋಟ್ಸ್ ಹೇಳಿ ಬರೆಸಿ ಅಂತ ನಿಮ್ಮ ಹೆಡ್‌ಮಿಸ್ ಹೇಳಿದರು. ಗೋಡೆಗೆ ಪಾಠ ಮಾಡಿದ ಹಾಗಾಗುತ್ತದೆ, ಗೋಡೆಯಾದರೂ ಮಾತನ್ನು ವಾಪಸ್ ಕೊಡುತ್ತದೆ ಅಂತ ನೀನು ಬರೆದದ್ದನ್ನು ಓದಿ ಅಡುಗೆಮನೆಯಲ್ಲಿ ಒಬ್ಬಳೇ ತಲೆಯಾಡಿಸಿದೆ. ತಿಂಗಳ ಕೊನೆಯೊಳಗೆ ಗೆಳತಿಗೆ ಉತ್ತರ ಕೊಡಬೇಕು, ಅಮ್ಮ ಇರು ಅಂದರೆ ಇರುತ್ತೇನೆ, ಬಿಡು ಅಂದರೆ ಬಿಡುತ್ತೇನೆ ಅಂತ ಭಾರವನ್ನೆಲ್ಲ ನನ್ನ ತಲೆಗೆ ಹಾಕಿದ್ದೀಯ. ಹಾಕು, ಅಮ್ಮಂದಿರ ತಲೆ ಇರುವುದೇ ಅದಕ್ಕೆ. ನಾನು ಹೇಳುವುದು ಬಿಡು ಅಂತ. ಯಾಕೆ ಅಂತ ಈಗ ಲೆಕ್ಕ ತೋರಿಸುತ್ತೇನೆ.

ನಮ್ಮ ಕಾಲದ ಮಕ್ಕಳು ಬಂಗಾರ, ಈಗಿನವರು ತಗಡು ಅಂತ ನಾನು ಯಾವತ್ತೂ ಹೇಳಿದವಳಲ್ಲ. ಹಾಗೆ ಹೇಳುವವರ ಪಕ್ಕ ಸ್ಟಾಫ್ ರೂಮಿನಲ್ಲಿ ಕೂತು ನನ್ನ ಕಿವಿ ತೂತಾಗಿದೆ. ನಮ್ಮ ಡ್ರಿಲ್ ಮೇಷ್ಟ್ರು ದಿನಾ ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಒಂದು ಸಲ, ಮುಚ್ಚುವಾಗ ಒಂದು ಸಲ ಅದೇ ಮಾತು ಹೇಳುತ್ತಾರೆ. ಆಗಿನವರೂ ಸೋಮಾರಿಗಳೇ. ಹಿಂದಿನ ಬೆಂಚಿನಲ್ಲಿ ಮಲಗುತ್ತಿದ್ದರು, ಮನೆಲೆಕ್ಕ ಕದಿಯುತ್ತಿದ್ದರು, ನನ್ನ ನಡಿಗೆ ನೋಡಿ ತೊಂಬತ್ತು ಡಿಗ್ರಿ ಅಂತ ಹೆಸರಿಟ್ಟರು. ಆದರೆ ಜಗಳವಾಡುತ್ತಿದ್ದರು ಮರಿ. ಒಂದು ಮಾರ್ಕಿಗೆ ಕಾರಿಡಾರಿನ ತುದಿಯವರೆಗೂ ಹಿಂದೆ ಬಂದು, ಅದು ಹೇಗೆ ತಪ್ಪು ಹೇಳಿ ಟೀಚರ್ ಅನ್ನುತ್ತಿದ್ದರು. ತಲೆ ತಿನ್ನುತ್ತಿದ್ದರು. ತಲೆ ತಿನ್ನುವವರಿದ್ದಷ್ಟು ದಿನ ನನಗೆ ತಲೆ ಇದೆ ಅನ್ನುವುದು ಗೊತ್ತಾಗುತ್ತಿತ್ತು.

ಅದಕ್ಕೇ ನಾನು ಹುಳ ಬಿಡುವ ಅಭ್ಯಾಸ ಇಟ್ಟುಕೊಂಡದ್ದು. ನಿನಗೆ ಗೊತ್ತಿರುವುದೇ ಆದರೂ ಇವತ್ತು ಪೂರ್ತಿ ಬರೆಯಬೇಕು ಅನಿಸುತ್ತಿದೆ. ವರ್ಷಕ್ಕೊಂದೇ ಸಲ, ಹತ್ತನೇ ತರಗತಿಗೆ ಮಾತ್ರ. ಬೋರ್ಡಿನ ಮೇಲೆ ಬೇಕಂತಲೇ ಒಂದು ತಪ್ಪು ಮಾಡುತ್ತೇನೆ. ಒಂದು ವರ್ಷ ಮೈನಸ್ ಮುಂದಿನ ಬ್ರಾಕೆಟ್ ಬಿಡಿಸುವಾಗ ಚಿಹ್ನೆ ಬದಲಿಸುವುದಿಲ್ಲ. ಇನ್ನೊಂದು ವರ್ಷ ತ್ರಿಕೋನದ ಮೂರು ಕೋನ ಕೂಡಿಸಿ ಇಲ್ಲದ ಹತ್ತು ಡಿಗ್ರಿ ಸೇರಿಸಿಬಿಡುತ್ತೇನೆ. ಆಮೇಲೆ ಏನೂ ಆಗದವಳ ಹಾಗೆ ಕೈಯ ಚಾಕ್‌ಪುಡಿ ಒರೆಸಿಕೊಂಡು, ಸರಿಯಾ ಅಂತ ಕೇಳುತ್ತೇನೆ. ಹುಳ ಹಿಡಿದವರ ಕೈಗೆ ಚಾಕ್‌ಪೀಸ್. ಪೀರಿಯಡ್ ಮುಗಿಯುವವರೆಗೂ ಟೀಚರ್ ಅವರು, ನಾನು ಹೋಗಿ ಅವರ ಬೆಂಚಿನಲ್ಲಿ ಕೂರಬೇಕು. ಗೊತ್ತಿಲ್ಲದ ಹಾಗೆ ಕೈಯೆತ್ತಿ ಪ್ರಶ್ನೆ ಕೇಳಬೇಕು. ಆ ಒಂದು ಪೀರಿಯಡ್ಡಿಗಾಗಿ ನಾನು ಇಡೀ ವರ್ಷ ಕಾಯುತ್ತಿದ್ದೆ ಅಂದರೆ ನಗಬೇಡ.

ನೀನು ನನ್ನ ತರಗತಿಯಲ್ಲಿದ್ದ ವರ್ಷ ಹುಳ ಹಿಡಿದದ್ದು ನಿನ್ನ ಹಿಂದಿನ ಬೆಂಚಿನ ಕುಳ್ಳ. ನೀನು ಸಂಜೆ ಮನೆಗೆ ಬಂದು, ನಾನು ಮೊದಲೇ ನೋಡಿದ್ದೆ, ಎಲ್ಲರೆದುರು ಅಮ್ಮನ ಮರ್ಯಾದೆ ಹೋಗುತ್ತದಲ್ಲ ಅಂತ ಸುಮ್ಮನಿದ್ದೆ ಅಂತ ಅತ್ತೆ. ತಪ್ಪು ಕಂಡೂ ಸುಮ್ಮನಿರುವುದು ಮರ್ಯಾದೆಯಲ್ಲ, ಹೇಡಿತನ ಅಂತ ನಾನು ಬೈದೆ. ನಿನ್ನಪ್ಪ ನಡುವೆ ಬಂದು, ಮಗುವಿಗೆ ಮೊದಲು ಊಟ ಹಾಕು, ಆಮೇಲೆ ಗಣಿತ ಹಾಕು ಅಂದರು.

ಈ ವರ್ಷದ ಕಥೆ ಕೇಳು. ನಮ್ಮ ಕ್ಲಾಸು ಈಗ ಮೇಲಿನ ಮಹಡಿಯ ಕೊನೆಯ ಕೋಣೆಗೆ ಹೋಗಿದೆ. ನಿನಗೆ ಹೇಳಿದೆನೋ ಇಲ್ಲವೋ, ಅಲ್ಲಿನ ಕಿಟಕಿ ಮುಚ್ಚುತ್ತಿರಲಿಲ್ಲ, ಬಡಗಿ ಬಂದು ರಿಪೇರಿ ಮಾಡಿ ಹೋದ, ಈಗ ಮುಚ್ಚಿದ್ದು ತೆರೆಯುವುದಿಲ್ಲ. ಬೋರ್ಡಿನ ಬಲಮೂಲೆ ಸವೆದು ನುಣುಪಾಗಿ ಅಲ್ಲಿ ಚಾಕ್ ಹಿಡಿಯುವುದೇ ಇಲ್ಲ. ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ನನಗೆ ಏದುಸಿರು. ಬಾಗಿಲಲ್ಲಿ ಒಂದು ನಿಮಿಷ ನಿಂತು ಹಾಜರಿ ಪುಸ್ತಕ ನೋಡುವ ನಾಟಕವಾಡಿ ಒಳಗೆ ಹೋಗುತ್ತೇನೆ. ಎಲ್ಲರೂ ಎದ್ದು ನಿಲ್ಲುತ್ತಾರೆ, ಎಲ್ಲರೂ ಕೂರುತ್ತಾರೆ. ಗದ್ದಲವಿಲ್ಲ, ಕಾಗದದ ರಾಕೆಟ್ಟಿಲ್ಲ. ಹೀಗೆ ತೆಪ್ಪಗಿರುವ ತರಗತಿ ನನ್ನ ಪೂರ್ತಿ ನೌಕರಿಯಲ್ಲಿ ಸಿಕ್ಕಿರಲಿಲ್ಲ. ವರ್ಷದ ಮೊದಲಲ್ಲಿ ಅದೃಷ್ಟ ಅಂದುಕೊಂಡಿದ್ದೆ.

ವರ್ಗ ಸಮೀಕರಣದ ಪಾಠ. x² = 5x ಅಂತ ಬರೆದೆ. ನೀನು ವಿಜ್ಞಾನದವಳು, ನಿನಗೆ ಬಿಡಿಸಿ ಹೇಳಬೇಕಿಲ್ಲ. ಇದಕ್ಕೆ ಎರಡು ಉತ್ತರ, ಸೊನ್ನೆ ಮತ್ತು ಐದು. ಎರಡೂ ಕಡೆಯಿಂದ ಒಂದೊಂದು x ಹೊಡೆದುಹಾಕಿದರೆ ಸೊನ್ನೆ ಕಳೆದುಹೋಗುತ್ತದೆ. ಹಾಗೆ ಹೊಡೆಯಬಾರದು ಅನ್ನುವುದೇ ಆ ಪಾಠದ ಜೀವ. ನಾನು ಹೊಡೆದೆ. ಠೀವಿಯಿಂದ ಎರಡು ಗೆರೆ ಎಳೆದು, x = 5 ಅಂತ ಬರೆದು, ಕೆಳಗೆ ಜೋಡಿಗೆರೆ ಹಾಕಿ, ಸರಿಯಾ ಅಂತ ಕೇಳಿದೆ. ಸರಿ ಟೀಚರ್ ಅಂದರು. ಎಲ್ಲರೂ ಒಂದೇ ಸ್ವರದಲ್ಲಿ. ಅನುಮಾನ ಇದ್ದರೆ ಕೇಳಿ ಅಂದೆ. ಇಲ್ಲ ಟೀಚರ್. ಬರೆದುಕೊಂಡಿರಾ ಅಂದೆ. ಬರ್ಕೊಂಡ್ವಿ ಟೀಚರ್.

ಮಾರನೆಯ ದಿನ ಅದೇ ಜಾತಿಯ ಇನ್ನೊಂದು ಲೆಕ್ಕ, ಅದೇ ಹುಳ. ಸರಿ ಟೀಚರ್. ವಾರದ ಕೊನೆಗೆ ಟೆಸ್ಟ್. ಅದರಲ್ಲಿ ಇದೇ ಲೆಕ್ಕ ಕೊಟ್ಟೆ. ಇಡೀ ತರಗತಿ ಐದು ಅಂತ ಬರೆದು, ಕೆಳಗೆ ಸ್ಕೇಲಿಟ್ಟು ಜೋಡಿಗೆರೆ ಎಳೆದು ಕೊಟ್ಟಿತು. ನಾನು ಎಲ್ಲರಿಗೂ ಪೂರ್ತಿ ಮಾರ್ಕ್ಸ್ ಹಾಕಿ ಪೇಪರ್ ವಾಪಸ್ ಕೊಟ್ಟೆ. ಅದೂ ಬೇಕಂತಲೇ. ಆಗಲಾದರೂ ಯಾರಾದರೂ ಎದ್ದು, ಟೀಚರ್ ಇದು ಹೇಗೆ ಸರಿ ಅಂತ ಕೇಳಲಿ ಅಂತ. ಪೇಪರ್ ತಗೊಂಡರು, ಮಡಚಿದರು, ಚೀಲಕ್ಕೆ ಹಾಕಿದರು.

ಕೇಳಿದ್ದು ಯಾರು ಗೊತ್ತಾ? ಹಿಂದಿನ ಸಾಲಿನ ಹುಡುಗನೊಬ್ಬನ ಅಪ್ಪ, ಔಷಧಿ ಅಂಗಡಿಯವರು. ಹೋದ ಗುರುವಾರ ಹೆಡ್ ಕೋಣೆಗೆ ಬಂದು ಕೂತರು. ನನ್ನನ್ನು ಕರೆಸಿದರು. ಮನುಷ್ಯ ಒಳ್ಳೆಯವರೇ, ದನಿ ಏರಿಸಲಿಲ್ಲ. ಮಗನ ಪೇಪರನ್ನು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿಟ್ಟು, ಟ್ಯೂಷನ್ ಸರ್ ಇದು ತಪ್ಪು ಅಂತಾರೆ ಮೇಡಂ, ನೀವು ರೈಟ್ ಹಾಕಿದೀರಿ, ನಾವು ಯಾವುದು ಓದಿಸ್ಬೇಕು ಅಂತ ಹೇಳಿಬಿಡಿ ಸಾಕು ಅಂದರು. ಔಷಧಿ ಚೀಟಿಯಲ್ಲಿ ಅಕ್ಷರ ತಿಳಿಯದಿದ್ದರೆ ಡಾಕ್ಟರನ್ನು ಕೇಳುವಷ್ಟೇ ವಿನಯ.

ನಮ್ಮ ಹೆಡ್ ನಿನಗೆ ನೆನಪಿರಬಹುದು. ನೀನು ಇಲ್ಲಿ ಓದುವಾಗ ಭೂಗೋಳ ಹೇಳಿಕೊಡುತ್ತಿದ್ದ, ಭೂಪಟ ತಲೆಕೆಳಗಾಗಿ ನೇತುಹಾಕಿದ್ದನ್ನು ನಾನು ಬಾಗಿಲಲ್ಲಿ ನಿಂತು ತೋರಿಸಿದ್ದೆ. ಈಗಲೂ ನಾನು ಕೋಣೆಗೆ ಹೋದರೆ ಕುರ್ಚಿಯಿಂದ ಏಳುತ್ತಾನೆ. ನಾನು ಹುಳದ ವಿಷಯ ಹೇಳಿದೆ. ಇದು ನನ್ನ ಪದ್ಧತಿ, ಬೇಕಂತ ಮಾಡಿದ ತಪ್ಪು, ಇಷ್ಟು ವರ್ಷದಿಂದ ನಡೆದುಕೊಂಡು ಬಂದಿದೆ, ಹಳೆಯ ವಿದ್ಯಾರ್ಥಿಗಳನ್ನು ಕೇಳಿ ಅಂದೆ. ಹೆಡ್ಡಿಗೆ ಈ ಪದ್ಧತಿ ಗೊತ್ತು. ಹೌದು ಹೌದು, ಮೇಡಂ ಅವರ ಹುಳ ಇಡೀ ಶಾಲೆಗೇ ಪ್ರಸಿದ್ಧ ಅಂದ. ಔಷಧಿ ಅಂಗಡಿಯವರು ನಕ್ಕು, ಹಾಗಾದರೆ ಸರಿ ಮೇಡಂ, ನಮ್ಮವನು ದಡ್ಡ, ಅವನಿಗೆ ಇದೆಲ್ಲ ಎಲ್ಲಿ ತಿಳೀಬೇಕು ಅಂತ ಕೈಮುಗಿದು ಹೊರಟರು.

ಅವರು ಹೋದ ಮೇಲೆ ಹೆಡ್ ಬಾಗಿಲು ಮುಂದೆ ಮಾಡಿದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದನ್ನು ಈ ಹುದ್ದೆಗೆ ಬಂದ ಮೇಲೆ ಕಲಿತಿದ್ದಾನೆ. ಮೇಡಂ, ಮೇಲಿನ ಮಹಡಿ ನಿಮಗೆ ಕಷ್ಟ ಆಗ್ತಿರಬಹುದು, ಎಂಟನೇ ಕ್ಲಾಸು ಕೆಳಗೇ ಇದೆ, ಪರೀಕ್ಷೆಯ ಒತ್ತಡವೂ ಇಲ್ಲ, ಹತ್ತನೇದು ಚಿಕ್ಕವರು ಯಾರಾದರೂ ನೋಡ್ಕೊಳ್ಳಲಿ, ಯೋಚನೆ ಮಾಡಿ ಅಂದ. ನಾನು ಬದುಕಿರುವಾಗಲೇ ನನ್ನ ತಿಥಿ ಊಟಕ್ಕೆ ಕರೆದ ಹಾಗಾಯಿತು. ಹತ್ತನೇ ತರಗತಿ ಬಿಡಿಸುವುದಾದರೆ ನನ್ನನ್ನು ಗೇಟಿನ ಹೊರಗೇ ಬಿಡಿಸಿ ಅಂತ ಹೇಳಿ ಎದ್ದು ಬಂದೆ. ಅವನು ಇನ್ನೂ ನಿಂತೇ ಇದ್ದ.

ಅಲ್ಲಿಂದ ನೇರ ತರಗತಿಗೆ ಹೋಗಿ ಟೆಸ್ಟ್ ಪೇಪರುಗಳನ್ನೆಲ್ಲ ಮತ್ತೆ ಕೇಳಿ ಇಸ್ಕೊಂಡೆ. ಯಾಕೆ ಅಂತ ಒಬ್ಬರೂ ಕೇಳಲಿಲ್ಲ, ನೋಡು. ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಒಂದೊಂದಾಗಿ ಬೆಳಕಿಗೆ ಹಿಡಿದೆ. ಒಬ್ಬರಿಗಾದರೂ ತಿಳಿದಿತ್ತಾ ಅಂತ ನೋಡಬೇಕಿತ್ತು. ಮುಂದಿನ ಬೆಂಚಿನ ಕನ್ನಡಕದ ಹುಡುಗಿಯ ಪೇಪರಿನಲ್ಲಿ, ಶಾಯಿಯ ಐದರ ಕೆಳಗೆ, ಪೆನ್ಸಿಲ್ಲಿನಲ್ಲಿ ಬರೆದು ರಬ್ಬರಿನಿಂದ ಒರೆಸಿದ ಗುರುತಿತ್ತು. ಎಲ್ಲವನ್ನೂ ಒಂದು ಕಡೆ ತಂದಿದ್ದಳು, x ಹೊರಗೆ ತೆಗೆದಿದ್ದಳು, ಸೊನ್ನೆ ಅಥವಾ ಐದು ಅಂತ ಬರೆದಿದ್ದಳು. ಮಾಡಬೇಕಾದದ್ದೆಲ್ಲ ಮಾಡಿ, ಅದನ್ನು ಒರೆಸಿ, ಮೇಲೆ ನನ್ನ ತಪ್ಪನ್ನು ಅಂದವಾಗಿ ಬರೆದು ಕೊಟ್ಟಿದ್ದಳು.

ನಿನ್ನೆ ಶನಿವಾರ, ಅರ್ಧ ದಿನ. ಬೆಲ್ ಆದ ಮೇಲೆ ಅವಳನ್ನು ನಿಲ್ಲಿಸಿಕೊಂಡೆ. ಇದು ಗೊತ್ತಿತ್ತಾ ಅಂತ ಪೇಪರ್ ತೋರಿಸಿ ಕೇಳಿದೆ. ಗೊತ್ತಿತ್ತು ಟೀಚರ್ ಅಂದಳು. ಮತ್ತೆ ಯಾಕೆ ಒರೆಸಿದೆ ಅಂದೆ. ಬೋರ್ಡ್ ಮೇಲೆ ಇದ್ದದ್ದೇ ಬರೆಯೋಣ ಅಂತ, ಎಲ್ಲರೂ ಹಾಗೇ ಬರೆದರು ಟೀಚರ್ ಅಂದಳು. ಎಲ್ಲರಿಗೂ ಗೊತ್ತಿತ್ತಾ ಅಂದೆ. ತುಂಬಾ ಜನಕ್ಕೆ ಗೊತ್ತಿತ್ತು ಅಂದಳು. ಅಷ್ಟೇ ಮಾತು.

ಅಲ್ಲಿಗೆ ನನಗೆ ಸಾಕಾಯಿತು ಮರಿ. ಗೊತ್ತಿಲ್ಲದವರಿಗೆ ಹೇಳಿಕೊಡಬಹುದು. ಹತ್ತು ಸಲ ಹೇಳಿಕೊಟ್ಟರೂ ತಲೆಗೆ ಹೋಗದವರಿಗೆ ಹನ್ನೊಂದನೇ ಸಲ ಹೇಳಿಕೊಡಬಹುದು, ಅದಕ್ಕೇ ನಮಗೆ ಸಂಬಳ. ಗೊತ್ತಿದ್ದೂ ಒರೆಸಿಹಾಕುವವರಿಗೆ ಏನಂತ ಹೇಳಿಕೊಡಬೇಕು? ಸರಿ ಎರಡು ಉತ್ತರ, ಟೀಚರ್ ಬರೆದದ್ದು ಒಂದು, ಮಾರ್ಕ್ಸ್ ಸಿಗುವುದು ಒಂದಕ್ಕೆ, ಆದ್ದರಿಂದ ಒಂದೇ ಸಾಕು. ಅವರು ಕಲಿತಿರುವ ಗಣಿತ ಇಷ್ಟು. ಇವರು ಮಕ್ಕಳಲ್ಲ, ಜೆರಾಕ್ಸ್ ಮಿಷಿನ್ನು. ನಾಳೆ ಯಾವನಾದರೂ ದೊಡ್ಡ ಬೋರ್ಡಿನ ಮೇಲೆ ದೊಡ್ಡ ಸುಳ್ಳು ಬರೆದರೆ ಇವರೇ ಕೆಳಗೆ ಜೋಡಿಗೆರೆ ಎಳೆದು ಕೊಡುತ್ತಾರೆ. ಇವರನ್ನು ಹೀಗೆ ಮಾಡಿದ್ದು ಯಾರು ಅಂತ ಕೇಳಬೇಡ. ಗೈಡ್ ಬರೆದವನು, ಟ್ಯೂಷನ್ ಇಟ್ಟವನು, ರಿಸಲ್ಟಿನ ಪಟ್ಟಿಯನ್ನು ಗೇಟಿಗೆ ನೇತುಹಾಕುವ ಹೆಡ್ಡು, ಅದನ್ನು ಓದಿ ಮಗುವನ್ನು ಸೇರಿಸುವ ಅಪ್ಪ, ಸುಮ್ಮನೆ ಸಂಬಳ ತಗೊಂಡ ನಾನು. ಎಲ್ಲರೂ ಸೇರಿ ಮಾಡಿದ್ದೇವೆ.

ನಿನ್ನೆ ಎಲ್ಲರೂ ಹೋದ ಮೇಲೆ ಆ ಖಾಲಿ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಸೆಕೆ. ಆ ಕಿಟಕಿ ಮುಚ್ಚುತ್ತಿರಲಿಲ್ಲ, ಬಡಗಿ ಬಂದು ಹೋದ ಮೇಲೆ ತೆರೆಯುವುದೇ ಇಲ್ಲ. ಇದನ್ನು ಆಗಲೇ ಬರೆದೆ ಅನಿಸುತ್ತದೆ, ಇರಲಿ. ಬೆಂಚುಗಳ ಮೇಲೆ ಹೆಸರುಗಳನ್ನು ಕೆತ್ತಿದ್ದನ್ನು ಹುಡುಕಿದೆ. ಹಳೆಯವು ಇವೆ, ಬಣ್ಣ ಬಳಿದರೂ ಕಾಣುತ್ತವೆ. ಈ ವರ್ಷದವರು ಒಂದು ಗೀರನ್ನೂ ಹಾಕಿಲ್ಲ. ಹಾಕಿದ್ದರೆ ನಾನೇ ಹೊಡೆಯುತ್ತಿದ್ದೆ. ಹಾಕಿಲ್ಲ ಅಂತ ಅಳು ಬಂತು.

ಆದ್ದರಿಂದ ಬಿಟ್ಟುಬಿಡು. ನಿನಗೆ ಇನ್ನೂ ವಯಸ್ಸಿದೆ, ಮೂಗಿನ ತುದಿಯಲ್ಲಿ ಕೋಪವಿದೆ, ಬೆಳಿಗ್ಗೆ ಎದ್ದಾಗ ಹೋಗಿ ಏನಾದರೂ ಮಾಡಬೇಕು ಅನ್ನುವ ಆಸೆ ಇದೆ. ಅದನ್ನು ತೆಗೆದುಕೊಂಡು ಹೋಗಿ ಆ ನಾಲ್ಕು ಗೋಡೆಗಳ ನಡುವೆ ಹೂಳಬೇಡ. ಗೆಳತಿಯ ಆಫೀಸಿನಲ್ಲಿ ನೀನು ತಪ್ಪು ಮಾಡಿದರೆ ಯಾರಾದರೂ ತಪ್ಪು ಅನ್ನುತ್ತಾರೆ, ಸರಿ ಮಾಡಿದರೆ ಸರಿ ಅನ್ನುತ್ತಾರೆ. ಮನುಷ್ಯರ ನಡುವೆ ಇದ್ದ ಹಾಗಿರುತ್ತದೆ. ಅಮ್ಮ ಏನಂದುಕೊಳ್ಳುತ್ತಾಳೋ ಅನ್ನುವ ಅಳುಕು ಬೇಡ. ಒಂದು ಮನೆಯಿಂದ ಒಬ್ಬಳು ಟೀಚರ್ ಸಾಕು, ಅದೂ ಹೆಚ್ಚಾಯಿತು.

ಇನ್ನು ಕ್ಷೇಮಸಮಾಚಾರ. ನಿನ್ನಪ್ಪ ಮುಖದ ಮೇಲೆ ಪೇಪರ್ ಹಾಕಿಕೊಂಡು ಪಕ್ಕದ ಕೋಣೆಯಲ್ಲಿ ಮಲಗಿದ್ದಾರೆ. ಸುದ್ದಿ ಕಣ್ಣಿನ ಬದಲು ಮೂಗಿನಿಂದ ಒಳಗೆ ಹೋಗುತ್ತಿದೆ. ಶಾಲೆಯ ವಿಷಯ ಅವರಿಗೆ ಏನೂ ಹೇಳಿಲ್ಲ, ನೀನೂ ಫೋನಿನಲ್ಲಿ ಬಾಯಿ ಬಿಡಬೇಡ. ಹೋದ ಸಲ ಬಂದಾಗ, ಅಮ್ಮ ಒಂದು ಸಲ ಡಾಕ್ಟರಿಗೆ ತೋರಿಸಿಕೋ ಅಂತ ನೀನು ಹಿಂದೆ ಬಿದ್ದಿದ್ದೆಯಲ್ಲ, ಅದಕ್ಕೆಲ್ಲ ಏನೂ ಅವಸರವಿಲ್ಲ. ವಯಸ್ಸಾದವರೆಲ್ಲ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರೆ. ಊಟ ಸರಿಯಾಗಿ ಮಾಡು. ರಾಜೀನಾಮೆಯಲ್ಲಿ ಕಾರಣಗಳನ್ನೆಲ್ಲ ಬರೆಯಲು ಹೋಗಬೇಡ, ಸ್ವಂತ ಕಾರಣ ಅಂತ ಎರಡೇ ಸಾಲು ಸಾಕು.

ಇಂತಿ, ನಿನಗೆ ಯಾವತ್ತೂ ಸುಲಭದ ಉತ್ತರ ಹೇಳಿಕೊಡದ
ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಒಂದು ಸಲ ಓದಿದೆ. ಇದನ್ನು ಹೀಗೇ ಕಳಿಸಿದರೆ ನೀನು ನನ್ನ ಮಾತು ನಂಬಿ ಕೆಲಸ ಬಿಡುತ್ತೀಯ. ಅದಕ್ಕೇ ಉಳಿದದ್ದನ್ನೂ ಬರೆಯಬೇಕಾಗಿದೆ.

ಅದು ಹುಳವಲ್ಲ. ಈ ವರ್ಷ ನಾನು ಇನ್ನೂ ಹುಳ ಬಿಟ್ಟೇ ಇರಲಿಲ್ಲ. ಆ x ಹೊಡೆದದ್ದು ಕೈ, ಸರಿಯಾ ಅಂತ ಕೇಳಿದ್ದು ರೂಢಿ. ಮಾರನೆಯ ದಿನವೂ ಹಾಗೇ ಹೇಳಿಕೊಟ್ಟೆ. ಟೆಸ್ಟ್ ಪೇಪರುಗಳಿಗೆ ಕೆಂಪು ಶಾಯಿಯಲ್ಲಿ ರೈಟ್ ಹಾಕಿದ್ದು ಯಾರನ್ನೂ ಪರೀಕ್ಷಿಸುವುದಕ್ಕಲ್ಲ, ಸರಿ ಅಂತಲೇ ಹಾಕಿದೆ. ಕನ್ನಡಕದವಳ ಪೇಪರಿನ ಪೆನ್ಸಿಲ್ ಗುರುತನ್ನು ಮೊದಲ ಸಲ ತಿದ್ದುವಾಗಲೇ ನೋಡಿದ್ದೆ. ಪಾಪ, ತಪ್ಪು ಬರೆದು ಸಕಾಲಕ್ಕೆ ಒರೆಸಿ ಸರಿ ಮಾಡಿಕೊಂಡಿದ್ದಾಳೆ ಅಂತ ಮೆಚ್ಚಿಕೊಂಡಿದ್ದೆ. ಔಷಧಿ ಅಂಗಡಿಯವರು ಪೇಪರನ್ನು ನನ್ನ ಕಡೆ ತಿರುಗಿಸಿಟ್ಟಾಗಲೇ ನನಗೆ ಕಂಡದ್ದು. ಹುಳ ಅನ್ನುವ ಮಾತು ಆಗ ತಾನಾಗಿ ಬಾಯಿಗೆ ಬಂತು. ಹೆಡ್ ನಂಬಲಿಲ್ಲ. ನಂಬಿದ ಹಾಗೆ ತೋರಿಸಿ ನನ್ನ ಮಾನ ಉಳಿಸಿದ.

ಕನ್ನಡಕದವಳು ಹೇಳಿದ್ದೂ ಅಷ್ಟೇ ಅಲ್ಲ. ಅರ್ಧಕ್ಕೆ ನಿಲ್ಲಿಸಿ ಬರೆದೆ. ಗೊತ್ತಿದ್ದರೆ ಯಾಕೆ ಹೇಳಲಿಲ್ಲ ಅಂತ ನಾನು ಗದರಿದೆ. ಅವಳು ಚೀಲದ ಪಟ್ಟಿಯನ್ನು ತಿರುಚುತ್ತಾ ನಿಂತಳು. ಆಮೇಲೆ ಹೇಳಿದಳು: ಈ ವರ್ಷ ನೀವು ತುಂಬಾ ಸಲ ತಪ್ಪು ಬರೀತೀರಿ ಟೀಚರ್. ಮೊದಮೊದಲು ನಿಮ್ಮ ಹುಳ ಅಂದ್ಕೊಂಡು ಕೈಯೆತ್ತೋಣ ಅಂತ ಇದ್ವಿ. ಹೋದ ವರ್ಷದ ಅಕ್ಕಂದಿರು ಹುಳ ವರ್ಷಕ್ಕೊಂದೇ ಅಂದರು. ಆಮೇಲೆ ಹೇಳಿದರೆ ನಿಮಗೆ ಬೇಜಾರಾಗುತ್ತೆ ಅಂತ ಎಲ್ಲರೂ ಮಾತಾಡ್ಕೊಂಡು ಸುಮ್ಮನಿದ್ವಿ. ನೀವು ಹೋದ ಮೇಲೆ ಬೋರ್ಡ್ ಒರೆಸೋಕೆ ಮುಂಚೆ ಒಬ್ಬರು ಹೋಗಿ ಸರಿ ಮಾಡ್ತೀವಿ, ಎಲ್ಲರೂ ಅದನ್ನ ಬರ್ಕೋತೀವಿ. ದಿನಾ ಒಬ್ಬೊಬ್ಬರ ಸರದಿ. ಟೆಸ್ಟಲ್ಲಿ ಮಾತ್ರ ನಿಮ್ಮ ಥರ ಬರೀತೀವಿ, ದೊಡ್ಡ ಪರೀಕ್ಷೆಗೆ ಸರಿಯಾದ್ದು ಬರೀತೀವಿ ಟೀಚರ್, ನೀವು ಯೋಚನೆ ಮಾಡ್ಬೇಡಿ. ಆ ಹುಡುಗ ಪೇಪರ್ ಮನೇಲಿ ತೋರಿಸಿದ್ದಕ್ಕೆ ಎಲ್ಲರೂ ಸೇರಿ ಅವನಿಗೆ ಬೈದ್ವಿ.

ಅದಕ್ಕೇ ಆ ತರಗತಿ ಅಷ್ಟು ತೆಪ್ಪಗಿದ್ದದ್ದು. ನಾನು ದಣಿಯಬಾರದು ಅಂತ.

ಆದ್ದರಿಂದ ಮಕ್ಕಳ ಬಗ್ಗೆ ಮೇಲೆ ಬರೆದದ್ದನ್ನೆಲ್ಲ ಹೊಡೆದುಹಾಕಿ ಓದು. ನಿನಗೆ ಸಾಕಾಗಿದ್ದರೆ ಬಿಡು, ನಿನ್ನಿಷ್ಟ. ನನ್ನ ಮಾತು ಹಿಡಿದು ಬಿಡಬೇಡ. ಬಿಡಬೇಕಾದವಳು ನಾನು. ಬಿಡಲು ನನ್ನಿಂದ ಆಗುತ್ತಿಲ್ಲ. ಹೆಡ್‌ಗೆ ಹೇಳಬೇಡಿ ಟೀಚರ್, ನಿಮ್ಮನ್ನ ನಮ್ಮ ಕ್ಲಾಸಿಂದ ತೆಗೆದುಬಿಡ್ತಾರೆ ಅಂತ ಅವಳು ಅತ್ತಳು. ಹೇಳುವುದಿಲ್ಲ ಅಂತ ನಾನು ಆ ಮಗುವಿಗೆ ಮಾತು ಕೊಟ್ಟೆ.

ನಾಳೆ ಸೋಮವಾರ. ಯಾರ ಸರದಿ ಅಂತ ನಾನು ಕೇಳಲಿಲ್ಲ.